ಚಿಕ್ಕವ್ವನ ಜೋಡಿ ಕುರಿ

ದೆವ್ವ, ಮಾಟ, ಮಂತ್ರ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಯಾರಾದರೂ ಶುರು ಮಾಡಿದರೆ 'ತಲೆ ತಿನ್ನಬೇಡಿ' ಎಂದು ಎದ್ದುಹೋಗುತ್ತಿದ್ದವನು ನಾನು. ಈಗ ನಾನೇ ನಿಮ್ಮ ತಲೆ ತಿನ್ನಲು ಕೂತಿದ್ದೇನೆ. ನಗುವವರು ನಕ್ಕುಬಿಡಿ.

ಆಗ ನನಗೆ ಮಂಡ್ಯದ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಸುತ್ತಲಿನ ಗಾಳಿಯ ಒತ್ತಡ ಹೆಚ್ಚಾದರೆ ಪ್ರಾಣಿಗಳ ಗುಂಡಿಗೆಯ ಬಡಿತ ಏನಾಗುತ್ತದೆಂದು ನೋಡುತ್ತಿದ್ದೆವು. ಆಳದ ನೀರಿಗೆ ಇಳಿಯುವವರ ಚಿಕಿತ್ಸೆಗೆ ಅದು ಬೇಕಂತೆ. ಗಾಜಿನ ಕಿಟಕಿಯಿದ್ದ ದಪ್ಪ ಕಬ್ಬಿಣದ ಕೋಣೆ. ಪ್ರಾಣಿಯ ಎದೆಗೆ ವೈರು ಅಂಟಿಸಿ ಒಳಗೆ ಬಿಟ್ಟು ಮೆಲ್ಲಗೆ ಗಾಳಿ ತುಂಬಿದರೆ ಬಡಿತ ನಿಧಾನವಾಗುತ್ತದೆ. ಒತ್ತಡ ಇಳಿಸಿದರೆ ಮೊದಲಿನಂತಾಗುತ್ತದೆ. ಎಷ್ಟೋ ಸಲ ಕಣ್ಣಾರೆ ಕಂಡದ್ದು.

ಒಂದು ಒಳ್ಳೆಯ ಕುರಿ ಬೇಕಾಯಿತು. ಕಿರುಗಾವಲಿನ ನನ್ನ ಚಿಕ್ಕವ್ವನ ಹತ್ತಿರ ಒಂದೇ ಬಸಿರಲ್ಲಿ ಹುಟ್ಟಿದ ಎರಡು ಹೆಣ್ಣು ಕುರಿ ಇದ್ದವು. ತಾಯಿ ಸತ್ತಿದ್ದರಿಂದ ಬಾಟಲಿ ಹಾಲು ಕುಡಿಸಿ ಮಕ್ಕಳ ಹಾಗೆ ಸಾಕಿದ್ದಳು. ಒಂದು ತುಂಬಿದ ಗಬ್ಬ. ಇನ್ನೊಂದನ್ನು ಕೇಳಿದೆ.

"ಕೂದ್ಲು ಕೊಂಕ್ದಂಗೆ ತಂದ್ಬುಡ್ಬೇಕು ಕಣ್ಲಾ. ಇಲ್ದಿದ್ರೆ ಈ ಕಡೆ ತಲೆ ಆಕ್ಬೇಡ," ಅಂದು ಹಗ್ಗವನ್ನು ಕೈಗೆ ಕೊಟ್ಟಳು.

ಮರುದಿನ ಮಧ್ಯಾಹ್ನ ಒತ್ತಡ ಏರಿಸಿದೆವು. ಬಡಿತ ಇಳಿಯಲಿಲ್ಲ. ಇನ್ನಷ್ಟು ಏರಿಸಿದೆವು. ಕುರಿ ಮೆಲುಕು ಹಾಕುತ್ತಾ ನಿಂತೇ ಇತ್ತು, ಬಡಿತವೂ ಇದ್ದ ಹಾಗೇ ಇತ್ತು. "ವೈರು ಸರಿಯಿಲ್ಲ ಕಣ್ರೀ," ಅಂದರು ಪ್ರಯೋಗ ನಡೆಸುತ್ತಿದ್ದ ಮೇಡಂ. ಸರಿಯಾಗಿತ್ತು, ನಾನೇ ನೋಡಿದ್ದೆ.

ಅಷ್ಟರಲ್ಲಿ ಚಿಕ್ಕವ್ವನ ಫೋನು. "ಲೇ ಮಗ, ಗಬ್ಬದ ಕುರಿ ಕುಸ್ದು ಬಿತ್ತು ಕಣ್ಲಾ! ಎದೆ ಮ್ಯಾಲೆ ಕೈ ಮಡಗಿವ್ನಿ. ಒಂದ್ಸಲ ಬಡ್ಕಂಡ್ರೆ ಇನ್ನೊಂದ್ಸಲ ಬಡೀತದೋ ಇಲ್ವೋ ಅನ್ನಂಗದೆ. ಒಟ್ಟೇಲಿ ಮರಿ ಅದೆ, ಏನ್ ಮಾಡ್ಲಿ ಏಳ್ಲಾ!"

ಯಾಕೆ ಹಾಗೆ ಮಾಡಿದೆನೋ, ಫೋನು ಕಿವಿಯಲ್ಲಿದ್ದ ಹಾಗೇ ಒತ್ತಡ ಇಳಿಸುವ ತಿರುಪಿಗೆ ಕೈ ಹಾಕಿದೆ. ಗಾಳಿ ಸೊಯ್ಯೆಂದು ಹೊರಬರತೊಡಗಿತು. ಆ ಕಡೆ ಚಿಕ್ಕವ್ವನ ಉಸಿರು ಮಾತ್ರ ಕೇಳುತ್ತಿತ್ತು.

"ತಡಿ, ತಡಿ... ಬಡೀತಾ ಅದೆ... ಅಯ್ಯೋ ನಮ್ಮಪ್ಪ, ತಲೆ ಎತ್ತಿಬುಡ್ತು ಕಣ್ಲಾ!" ಅಂದವಳೇ ಅತ್ತುಬಿಟ್ಟಳು. ನನಗೂ ಅಳು ಬಂತು, ನಾಚಿಕೆಯೇನಿಲ್ಲ.

ಮೇಡಂ ರೇಗಿದರು. ವೈರು ಬದಲಾಯಿಸಿ ಮತ್ತೆ ಏರಿಸೋಣ ಅಂದರು. ಆಗಲ್ಲ ಅಂದೆ. ಯಾಕೆ ಅಂದರು. "ಕುರಿ ನಮ್ಮದು, ಕೊಡಲ್ಲ," ಅಂದು ಸಂಜೆಯೇ ಗೂಡ್ಸ್ ಆಟೋಗೆ ಹತ್ತಿಸಿದೆ.

ಗಬ್ಬದ ಕುರಿಗೆ ಬಿಸಿಲು ತಾಗಿರಬಹುದು. ಚಿಕ್ಕವ್ವನಿಗೆ ಗಾಬರಿಯಲ್ಲಿ ಹಾಗೆ ಅನಿಸಿರಬಹುದು. ಎಲ್ಲ ಸರಿ. ಆದರೆ ಕೋಣೆಯೊಳಗಿದ್ದ ಕುರಿಯ ಬಡಿತ ಯಾಕೆ ಇಳಿಯಲಿಲ್ಲ? ಅಲ್ಲಿಗೆ ನನ್ನ ತಲೆ ಕೆಟ್ಟುಹೋಗುತ್ತದೆ. ಇನ್ನೊಂದು ಸಲ ಏರಿಸಿದ್ದರೆ ಗೊತ್ತಾಗಿಬಿಡುತ್ತಿತ್ತು. ಆ ಧೈರ್ಯ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ಆ ವಾರವೇ ಗಬ್ಬದ ಕುರಿ ಮರಿ ಹಾಕಿತು. ನೋಡಲು ಹೋದಾಗ ಚಿಕ್ಕವ್ವ ಮರಿಯನ್ನು ನನ್ನ ಕೈಗೆ ಹಾಕಿ ಕೇಳಿದಳು: "ಅವತ್ತು ಫೋನ್ನಾಗೆ ಏನೋ ಸೊಯ್ ಅಂತಿತ್ತಲ್ಲ, ಏನ್ಲಾ ಅದು? ಅದು ಕೇಳಿದ್ ಮ್ಯಾಲೇ ಇದ್ರವ್ವ ಎದ್ದಿದ್ದು."

"ಏನಿಲ್ಲ ಬುಡು ಚಿಕ್ಕವ್ವ," ಅಂದೆ. ಮರಿಯ ಎದೆ ನನ್ನ ಅಂಗೈಯಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು.