ಸೋಫಕ್ಕನ ಬಾಯಿ, ಮೂರನೇ ನಂಬರಿನ ಮಂಡಿ

ಸೋಫಕ್ಕನಿಗೆ ಸಿಟ್ಟು ಬರುವುದಕ್ಕೆ ಫುಟ್‌ಬಾಲೇ ಬೇಕು ಅಂತೇನೂ ಇರಲಿಲ್ಲ. ಫುಟ್‌ಬಾಲ್ ಇದ್ದದ್ದರಿಂದ ಆ ಸಿಟ್ಟಿಗೆ ಕೂರಲು ಒಂದು ಜಾಗ ಸಿಕ್ಕಿತ್ತು, ಅಷ್ಟೆ. ಹರಿದ ಸೋಫಾ, ಕುಸಿದ ಕುರ್ಚಿ, ಬಸ್ಸಿನ ಸೀಟು, ಏನೇ ತಂದುಹಾಕಿದರೂ ಹಳೇ ಬಟ್ಟೆ ಕಿತ್ತು, ಒಳಗಿನ ಸ್ಪಂಜು ಬದಲಾಯಿಸಿ, ಹೊಸ ಹೊದಿಕೆ ಬಿಗಿದು ಕೊಡುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯನ್ನೂ ಸುತ್ತಿಗೆಯನ್ನೂ ತಾನೇ ಹಿಡಿದಳು. ಬೀದಿಯವರು ಸೋಫಕ್ಕ ಅಂದರು, ಅದೇ ಉಳಿಯಿತು. ಆ ಕಸುಬಿನವರಿಗೆ ಒಂದು ಅಭ್ಯಾಸವಿದೆ. ಬಟ್ಟೆಯನ್ನು ಜಗ್ಗಿ ಹಿಡಿಯಲು ಒಂದು ಕೈ ಬೇಕು, ಸುತ್ತಿಗೆಗೆ ಇನ್ನೊಂದು ಕೈ. ಹಾಗಾಗಿ ಸಣ್ಣ ಮೊಳೆಗಳನ್ನೆಲ್ಲ ಬಾಯೊಳಗೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ಮೂತಿಗೆ ಕಚ್ಚಿಸಿ ಹೊಡೆಯುತ್ತಾರೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತಾಡುವಂತಿಲ್ಲ. ಅವಳನ್ನು ಮೊದಲ ಸಲ ಅಂಗಡಿಯಲ್ಲಿ ಕಂಡವರು, ಪಾಪ, ಎಷ್ಟು ಮೌನಿ ಹೆಂಗಸು ಅಂದುಕೊಂಡು ಹೋಗುತ್ತಿದ್ದರು. ಅಂಥವರು ಒಂದು ಸಲ ಮೈದಾನಕ್ಕೆ ಬರಬೇಕಿತ್ತು.

ಮೈದಾನದ ಉತ್ತರದ ಗ್ಯಾಲರಿಯಲ್ಲಿ, ಮೂಲೆಯ ಬಾವುಟದ ಹತ್ತಿರ ಅವಳ ಜಾಗ. ಪಕ್ಕದಲ್ಲಿ ಬೀಗ ರಿಪೇರಿಯ ಬೀಗದಣ್ಣ. ಇಬ್ಬರೂ ತಲೆಗೂದಲು ಕಪ್ಪಗಿದ್ದಾಗಿನಿಂದ ಒಟ್ಟಿಗೆ ಕೂತು ಒಟ್ಟಿಗೆ ಬೈಯುತ್ತ ಬಂದವರು.

ಬೈಯುವುದಕ್ಕೇನು ಕೊರತೆ? ಗೋಲು ಹೊಡೆಯಲು ಬರುತ್ತಿದ್ದ ಒಬ್ಬನೇ ಒಬ್ಬನನ್ನು ಊರ ಕ್ಲಬ್ಬಿನ ಆಡಳಿತದವರು ಮಾರಿಬಿಟ್ಟರು. ಅವನ ಜಾಗಕ್ಕೆ ತಂದವನು ಚೆಂಡು ಹತ್ತಿರ ಬಂದರೆ ಬೇಡದ ನೆಂಟರನ್ನು ಕಂಡವನ ಹಾಗೆ ಮುಖ ತಿರುಗಿಸುತ್ತಿದ್ದ. ಕೋಚ್‌ಗಳು ಬಂದ ಹಾಗೇ ಹೋದರು. ಒಬ್ಬನಿಗಂತೂ ಆಟಗಾರರ ಮುಖ ಗುರುತು ಹಿಡಿಯುವಷ್ಟು ಸಮಯವೂ ಸಿಗಲಿಲ್ಲ. ಅಧ್ಯಕ್ಷರ ತಂಗಿಯ ಮಗ, ನಿನ್ನೆ ಮೊನ್ನೆಯವರೆಗೆ ಬಚ್ಚಲಮನೆಯ ಟೈಲ್ಸ್ ಮಾರುತ್ತಿದ್ದವನು, ಆಟಗಾರರನ್ನು ಆರಿಸುವ ದೊಡ್ಡ ಮನುಷ್ಯನಾಗಿ ಬಂದು ಕೂತ. ಎಡಬದಿ ಕಾಯುವುದಕ್ಕೆ ಇಬ್ಬರು ಯಾಕೆ, ದಂಡ, ಅಂತ ಒಬ್ಬನನ್ನು ಮನೆಗೆ ಕಳಿಸಿದ. ಅಂಗಡಿಯಲ್ಲಿ ಉಳಿದ ಟೈಲ್ಸಿಗೂ ಹಿಂಗಾವಲಿನ ಆಟಗಾರನಿಗೂ ವ್ಯತ್ಯಾಸ ತಿಳಿಯದವನ ಕೈಗೆ ಕ್ಲಬ್ಬನ್ನು ಕೊಟ್ಟವರನ್ನು ಏನನ್ನಬೇಕು? ಇಷ್ಟೆಲ್ಲ ಘನಕಾರ್ಯ ಮಾಡಿದವರು ಕೂರುವ ಮೀಟಿಂಗ್ ರೂಮಿನ ಕುರ್ಚಿಗಳಿಗೆ ದಪ್ಪ ಸ್ಪಂಜು ಹಾಕಿ ಹೊದಿಕೆ ಬಿಗಿದು ಕೊಟ್ಟವಳು ಇದೇ ಸೋಫಕ್ಕ. ಅದನ್ನು ನೆನೆದಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಆಟಗಾರರ ಪೈಕಿ ಅವಳ ಬಾಯಿಗೆ ಹೆಚ್ಚು ಸಿಕ್ಕಿಬೀಳುತ್ತಿದ್ದವನು ಎಡಬದಿಯ ಮೂರನೇ ನಂಬರು. ಯಾಕೆಂದರೆ ಅವನು ಓಡಾಡುವುದು ಅವಳ ಮೂಗಿನ ಕೆಳಗೇ. "ಏ ಮೂರನೇ ನಂಬರು, ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ!" ಅಂತ ಅವಳು ಕೂಗಿದರೆ ಆಚೆ ಕಡೆಯ ಗೋಲ್‌ಕೀಪರ್ ಕೂಡ ತಿರುಗಿ ನೋಡುತ್ತಿದ್ದ. ಹೀಗಿರುವಾಗ ಒಂದು ದಿನ ಒಬ್ಬಳೇ ಮಗಳು ಹುಡುಗನೊಬ್ಬನನ್ನು ಮನೆಗೆ ಕರೆದುಕೊಂಡು ಬಂದು, "ಅಮ್ಮಾ, ನಾನು ಮದುವೆ ಅಂತ ಆದ್ರೆ ಇವರನ್ನೇ" ಅಂದಳು. ಬಾಗಿಲಲ್ಲಿ ಮೂರನೇ ನಂಬರು ನಿಂತಿದ್ದ. ಸೋಫಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹುಡುಗ ಒಳ್ಳೆಯವನ ಥರಾನೇ ಕಾಣ್ತಾನೆ. ಆದ್ರೆ ಇವನಿಗೆ ಚೆಂಡು ಮೇಲೆತ್ತಿ ಹಾಕೋಕೆ ಬರಲ್ವಲ್ಲೇ!" ಅಂದಳು.

ಮದುವೆಯಾಯಿತು. ಅಂದಿನಿಂದ ಅವಳಿಗೆ ಎರಡು ನಾಲಿಗೆ. ಮನೆಯಲ್ಲಿ "ಅಳಿಯಂದಿರೇ, ಇನ್ನೊಂಚೂರು ಬಡಿಸ್ಲಾ?", ಗ್ಯಾಲರಿಯಲ್ಲಿ "ಓಡೋ, ಕಾಲಿಗೇನು ಬಂದಿದ್ಯೋ ನಿಂಗೆ!" ಅಳಿಯ ನಗುತ್ತಲೇ ಸಹಿಸಿಕೊಂಡ. ಮೊಮ್ಮಗಳು ಹುಟ್ಟಿ, ಅಪ್ಪನ ಆಟ ನೋಡಲು ಅಮ್ಮನ ತೊಡೆಯ ಮೇಲೆ ಕೂತು ಬರುವಷ್ಟು ದೊಡ್ಡವಳಾದಳು. ಈ ವರ್ಷ ಮೂರನೇ ನಂಬರಿನ ಆಟ ಯಾಕೋ ತೀರಾ ಕೆಟ್ಟಿತು. ಎದುರಾಳಿಗಳು ಅವನನ್ನು ದಾಟಿ ಹೋಗುವುದು ತೆರೆದ ಬಾಗಿಲು ದಾಟಿದಷ್ಟು ಸುಲಭವಾಯಿತು, ಸೋಫಕ್ಕನ ಬಾಯಿಯೂ ಅಷ್ಟೇ ಜೋರಾಯಿತು. ಒಂದು ದಿನ ಮೊಮ್ಮಗಳು ಊಟಕ್ಕೆ ಕೂತಿದ್ದ ಅಪ್ಪನ ಮುಖಕ್ಕೆ ಚಮಚ ತೋರಿಸಿ, ಥೇಟ್ ಅಜ್ಜಿಯ ರಾಗದಲ್ಲಿ, "ಓಡೋ! ಕಾಲಿಗೇನು ಬಂದಿದ್ಯೋ!" ಅಂದಳು.

ಯಾರೂ ನಗಲಿಲ್ಲ. ಮಗಳು ಪಾತ್ರೆ ಎತ್ತಿಡುವ ನೆಪದಲ್ಲಿ ಅಮ್ಮನನ್ನು ಅಡುಗೆಮನೆಗೆ ಕರೆದಳು. "ಅಂಗಡೀಲಿ ಬಾಯಿಗೆ ಮೊಳೆ ಹಾಕ್ಕೊಳ್ತೀಯಲ್ಲ, ಮೈದಾನದಲ್ಲೂ ಹಾಕ್ಕೊ. ಇನ್ನೊಂದು ಸಲ ಅವರ ಮೇಲೆ ಕೂಗಿದ್ದು ಕೇಳಿಸ್ತೋ, ನಾನೂ ಬರಲ್ಲ, ಮಗೂನೂ ಕಳಿಸಲ್ಲ. ಆಣೆ ಮಾಡಿ ಹೇಳ್ತಿದ್ದೀನಿ." ಮಗಳು ಅಮ್ಮನ ಹಟವನ್ನೇ ಹೊತ್ತು ಹುಟ್ಟಿದವಳು, ಅಂದದ್ದನ್ನು ಮಾಡುವವಳೇ. ಸೋಫಕ್ಕ ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಮಾತು ಕೊಟ್ಟಳು. ಆ ಮಗುವಿನ ಮುಖ ನೋಡದೆ ವಾರ ಕಳೆಯುವುದು ಅವಳಿಂದ ಆಗದ ಮಾತಾಗಿತ್ತು.

ಮುಂದಿನ ಭಾನುವಾರ ಅಳಿಯ ಊಟಕ್ಕೆ ಬಂದಾಗ ಅವಳ ಕಣ್ಣಿಗೆ ಒಂದು ವಿಷಯ ಬಿತ್ತು. ಮನೆಯ ಸೋಫಾ ಅವಳೇ ಮಾಡಿದ್ದು, ಹೊಲಿಗೆಯೆಲ್ಲ ಎರಡು ಸುತ್ತು. ಆದರೂ ಅಳಿಯ ಕೂರುವ ಕಡೆಯ ಕೈಯ ಮೇಲೆ ಹೊಲಿಗೆ ಬಾಯಿ ಬಿಟ್ಟಿತ್ತು. ಯಾರೋ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಎದ್ದೂ ಕೂತೂ ಮಾಡಿದ್ದಾರೆ. ಮಗಳು ಮಗುವಿನ ಕೈ ತೊಳೆಸಲು ಒಳಗೆ ಹೋದಾಗ ಸೋಫಕ್ಕ ನೋಡಿದಳು: ಕೆಳಗೆ ಬಿದ್ದ ಚಮಚ ಎತ್ತಲು ಅಳಿಯ ಸೊಂಟದಿಂದ ಬಗ್ಗಿದ, ಬಲಗಾಲು ಕೋಲಿನ ಹಾಗೆ ನೆಟ್ಟಗೇ ಇತ್ತು.

"ಅಳಿಯಂದಿರೇ, ಆ ಮಂಡಿಗೆ ಏನಾಗಿದೆ?"

"ಏನಿಲ್ಲ ಅತ್ತೆ."

"ನನ್ನ ಸೋಫಾ ಸುಳ್ಳು ಹೇಳಲ್ಲ, ನೀವೂ ಹೇಳ್ಬೇಡಿ."

ಅವನು ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಳಗೆ ಹರಿದಿದೆಯಂತೆ. ಆಟಕ್ಕೆ ಮುಂಚೆ ಸೂಜಿ ಕೊಡ್ತಾರೆ, ಮುಗಿಯೋವರೆಗೆ ನೋವು ಗೊತ್ತಾಗಲ್ಲ."

"ಯಾರು ಕೊಡೋದು?"

"ಕ್ಲಬ್ಬಿನ ಡಾಕ್ಟ್ರು. ಬೇಡ ಅಂತ ಅವರೂ ಅಂದ್ರು. ಅಧ್ಯಕ್ಷರೇ ಹೇಳಿ ಕೊಡಿಸ್ತಿದ್ದಾರೆ. ಎಡಗಡೆಗೆ ಬೇರೆ ಯಾರಿದ್ದಾರೆ ಹೇಳಿ? ಈ ಸೀಸನ್ ಮುಗಿಸಿಕೊಡು, ಮುಂದಿನ ಒಪ್ಪಂದ ನಾನು ನೋಡ್ಕೋತೀನಿ ಅಂದಿದ್ದಾರೆ. ಇನ್ನೊಂದೇ ಆಟ ಉಳಿದಿರೋದು. ಇವಳಿಗೆ ಹೇಳ್ಬೇಡಿ ಅತ್ತೆ, ಗೊತ್ತಾದ್ರೆ ಬಿಡಲ್ಲ. ಯಾರಿಗೂ ಹೇಳ್ಬೇಡಿ. ನನ್ನ ಮೇಲಾಣೆ."

ಕಾಲಿಗೇನು ಬಂದಿದೆ ಅಂತ ಇಡೀ ಗ್ಯಾಲರಿಗೆ ಕೇಳುವ ಹಾಗೆ ಕೇಳಿದವಳು ಸೋಫಕ್ಕನೇ, ಬಂದದ್ದು ಏನು ಅಂತ ಈಗ ಉತ್ತರ ಸಿಕ್ಕಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆಮೇಲೆ ಆ ನಾಚಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಇದ್ದ ಇಬ್ಬರಲ್ಲಿ ಒಬ್ಬನನ್ನು ದಂಡ ಅಂತ ಓಡಿಸಿದವರು, ಉಳಿದವನ ಹರಿದ ಮಂಡಿಗೆ ಸೂಜಿ ಚುಚ್ಚಿ ಮೈದಾನಕ್ಕೆ ಅಟ್ಟುತ್ತಿದ್ದಾರೆ! ಹರಿದ ಸೋಫಾವನ್ನು ಸಹ ಹೀಗೆ ಯಾರೂ ಬಳಸುವುದಿಲ್ಲ, ಅಂಗಡಿಗೆ ತರುತ್ತಾರೆ. ಆದರೆ ಮಗಳಿಗೆ ಕೊಟ್ಟ ಮಾತೊಂದು, ಅಳಿಯ ಇಟ್ಟ ಆಣೆಯೊಂದು. ಎರಡರ ಮಧ್ಯೆ ಸಿಕ್ಕಿಕೊಂಡು ಆ ವಾರವೆಲ್ಲ ಬಾಯಲ್ಲಿ ಮೊಳೆ ಇಟ್ಟುಕೊಂಡು ಕೆಲಸ ಮಾಡಿದಳು. ಅದೇ ವಾರ ಕ್ಲಬ್ಬಿನ ಜವಾನ ಅಧ್ಯಕ್ಷರ ಕುರ್ಚಿಯನ್ನು ಕೈಗಾಡಿಯಲ್ಲಿ ತಂದಿಳಿಸಿ, ಸ್ಪ್ರಿಂಗ್ ಸಾಹೇಬರಿಗೆ ಚುಚ್ಚುತ್ತಿದೆಯಂತೆ, ಬೇಗ ಆಗಬೇಕಂತೆ ಅಂದ. ಸೋಫಕ್ಕ ಕುರ್ಚಿಯನ್ನು ಮೂಲೆಗೆ ತಳ್ಳಿದಳು.

ಕೊನೆಯ ಆಟದ ದಿನ ಗ್ಯಾಲರಿಯಲ್ಲಿ ಅವಳು ತುಟಿ ಬಿಗಿದು ಕೂತದ್ದು ಕಂಡು ಬೀಗದಣ್ಣ, "ಹಲ್ಲು ನೋವಾ ಅಕ್ಕ?" ಅಂದ. ಎದುರಿನ ಗ್ಯಾಲರಿಯಲ್ಲಿ, ಆಟಗಾರರ ಮನೆಯವರ ಸಾಲಿನಲ್ಲಿ, ಮಗಳು ಮತ್ತು ಅವಳ ತೊಡೆಯ ಮೇಲೆ ಮಗು. ಅದರ ಮೇಲುಗಡೆ ಗಾಜಿನ ಪೆಟ್ಟಿಗೆಯಲ್ಲಿ ಅಧ್ಯಕ್ಷ, ಪಕ್ಕದಲ್ಲಿ ಟೈಲ್ಸ್ ಸೋದರಳಿಯ. ಮೊದಲರ್ಧದಲ್ಲೇ ಅಳಿಯನ ಕಡೆಯಿಂದ ಎರಡು ಗೋಲು ಬಿತ್ತು. ಸುತ್ತ ಎಲ್ಲರೂ ಅವನ ಜನ್ಮ ಜಾಲಾಡುತ್ತಿದ್ದರು, ಬೀಗದಣ್ಣನಂತೂ ಅವಳ ಪಾಲನ್ನೂ ಸೇರಿಸಿ ಬೈದ. ಸೋಫಕ್ಕ ಮೂಗಿನಲ್ಲಿ ಉಸಿರಾಡುತ್ತ ಕೂತಿದ್ದಳು.

ಎರಡನೇ ಅರ್ಧದಲ್ಲಿ ಅಳಿಯ ತಿರುಗಲು ಹೋಗಿ ಬಿದ್ದ. ಎದ್ದ. ಎದ್ದಾಗ ಬಲಗಾಲು ಊರಲಿಲ್ಲ, ಎಳೆಯಿತು. ಕೋಚ್ ಬೆಂಚಿನಿಂದ ಎದ್ದು ನಿಂತು ಅವನನ್ನು ನೋಡಿದ, ಆಮೇಲೆ ಕತ್ತೆತ್ತಿ ಗಾಜಿನ ಪೆಟ್ಟಿಗೆಯ ಕಡೆ ನೋಡಿದ. ಅಲ್ಲಿ ಅಧ್ಯಕ್ಷ ನೊಣ ಓಡಿಸುವ ಹಾಗೆ ಕೈಯಾಡಿಸಿದ: ಇರಲಿ, ಆಡಲಿ. ಕೋಚ್ ಬಾಲ ಮುದುರಿಕೊಂಡು ಕೂತ.

ಅದೊಂದು ಕೈಸನ್ನೆಗೆ ಸೋಫಕ್ಕನ ಮೈಯೆಲ್ಲ ಉರಿದುಹೋಯಿತು. ಸೀಟಿನ ಮೇಲೆ ಹತ್ತಿ ನಿಂತಳು. "ಲೋ ಅಧ್ಯಕ್ಷಾ! ನನ್ನಳಿಯನ ಮಂಡಿ ಹರಿದಿದೆ ಅಂತ ನಿಂಗೊತ್ತಿದ್ಯಲ್ಲೋ! ಸೂಜಿ ಚುಚ್ಚಿ ಆಡಿಸ್ತೀಯಾ? ಹೊರಗೆ ಕರ್ಸೋ ಅವನನ್ನ! ಹೊರಗೆ! ಹೊರಗೆ!"

ಆ ಗದ್ದಲದಲ್ಲಿ ಮೊದಲಿನದ್ಯಾವುದೂ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಕೊನೆಯ ಒಂದೇ ಮಾತು. ಬೀಗದಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಅಕ್ಕನ ಬಾಯಿ ಕೊನೆಗೂ ಬಿಚ್ಚಿತಲ್ಲ ಅಂತ ಅವನೂ ಎದ್ದು "ಹೊರಗೆ! ಹೊರಗೆ!" ಅಂದ. ಹಿಂದಿನ ಸಾಲು ಹಿಡಿದುಕೊಂಡಿತು, ಅದರ ಹಿಂದಿನ ಸಾಲೂ ಹಿಡಿದುಕೊಂಡಿತು, ಒಂದು ಗಳಿಗೆಯಲ್ಲಿ ಇಡೀ ಉತ್ತರದ ಗ್ಯಾಲರಿ ಚಪ್ಪಾಳೆ ತಟ್ಟುತ್ತ ಅವಳ ಅಳಿಯನನ್ನು ಹೊರಗೆ ಹಾಕಿ ಅಂತ ಕೂಗುತ್ತಿತ್ತು. "ಹಾಗಲ್ಲ ಕಣ್ರೋ!" ಅಂತ ಸೋಫಕ್ಕ ಗಂಟಲು ಹರಿದುಕೊಂಡದ್ದು ಅವಳ ಕಿವಿಗೇ ಕೇಳಲಿಲ್ಲ. ಅಷ್ಟು ಜನ ಕೂಗಿದ ಮೇಲೆ ಅಧ್ಯಕ್ಷನೂ ಕೈ ಬಿಟ್ಟ. ಆಟಗಾರನನ್ನು ಬದಲಿಸುವ ಬೋರ್ಡು ಮೂರನೇ ನಂಬರು ತೋರಿಸುತ್ತ ಮೇಲೆದ್ದಿತು. ಅಳಿಯ ಕುಂಟುತ್ತ ಹೊರಗೆ ಬರುವಾಗ ಜನ ಶಿಳ್ಳೆ ಹೊಡೆದರು. ಅವನು ಒಂದು ಸಲ ತಲೆಯೆತ್ತಿ ಮೂಲೆಯ ಬಾವುಟದ ಕಡೆ ನೋಡಿದ. ಎದುರಿನ ಗ್ಯಾಲರಿಯಲ್ಲಿ ಮಗಳು ಮಗುವನ್ನು ಎತ್ತಿಕೊಂಡು, ಮೆಟ್ಟಿಲು ಹತ್ತಿ, ತಿರುಗಿ ನೋಡದೆ ಹೊರಟುಹೋದಳು.

ಆಮೇಲೆ ಮಗಳು ಫೋನ್ ಎತ್ತಲಿಲ್ಲ. ಭಾನುವಾರ ಸೋಫಕ್ಕ ಎಲ್ಲರಿಗೂ ಆಗುವಷ್ಟು ಅಡುಗೆ ಮಾಡಿ ಒಬ್ಬಳೇ ಕೂತಳು.

ಬೀಗದಣ್ಣ ಮಾತ್ರ ಮಾರನೇ ದಿನ ಅಂಗಡಿಗೆ ಬಂದು ಮೀಸೆ ತಿರುವುತ್ತ ನಿಂತ. "ನೋಡಿದ್ಯಾ ಅಕ್ಕ, ನಮ್ಮ ಬಾಯಿಗೆ ಎಷ್ಟು ಬೆಲೆ ಇದೆ ಅಂತ!" ಸೋಫಕ್ಕ ಅಧ್ಯಕ್ಷನ ಕುರ್ಚಿಯನ್ನು ಮಗುಚಿ ಹಾಕಿಕೊಂಡು ತಳಕ್ಕೆ ಬಟ್ಟೆ ಬಿಗಿಯುತ್ತಿದ್ದಳು. ಬಾಯಿ ತುಂಬ ಮೊಳೆ. ಅಷ್ಟರಲ್ಲಿ ಮಗಳು ಬಂದಳು. ಅಂಗಡಿಯ ಮೆಟ್ಟಿಲು ಹತ್ತಿದವಳೇ ಫೋನಿನಲ್ಲಿದ್ದ ಕ್ಲಬ್ಬಿನ ಪ್ರಕಟಣೆಯನ್ನು ಓದಿದಳು.

"'ಅಭಿಮಾನಿಗಳ ಭಾವನೆಗಳನ್ನು ಗೌರವಿಸಿ, ಎಡಬದಿಯ ಆಟಗಾರರ ಒಪ್ಪಂದವನ್ನು ಮುಂದುವರಿಸದಿರಲು ಆಡಳಿತ ಮಂಡಳಿ ನಿರ್ಧರಿಸಿದೆ.' ಕೇಳಿಸ್ತಾ ಅಮ್ಮಾ? ಅಭಿಮಾನಿಗಳ ಭಾವನೆಯಂತೆ! ಅದು ನಿನ್ನ ಬಾಯಿ. ನನ್ನ ಸಂಸಾರದ ಅನ್ನಕ್ಕೆ ಮಣ್ಣು ಹಾಕಿದ್ದು ನಿನ್ನ ಬಾಯಿ!"

ಎಂಥ ಜನ ನೋಡಿ! ಮಂಡಿ ಹಾಳುಮಾಡಿದವರು ಇವರು, ಹೆಸರು ಅಭಿಮಾನಿಗಳದ್ದು! ಸೂಜಿಯ ಸುದ್ದಿಯಿಲ್ಲ, ಡಾಕ್ಟರ ಸುದ್ದಿಯಿಲ್ಲ. ಅವಳ ಕೂಗನ್ನೇ ಹೊದಿಕೆ ಮಾಡಿ, ಒಳಗಿನ ಕೊಳೆಯನ್ನೆಲ್ಲ ಮುಚ್ಚಿ, ಅಂಚು ಕಾಣದ ಹಾಗೆ ಮೊಳೆ ಹೊಡೆದಿದ್ದರು. ಸೋಫಕ್ಕನ ಮುಖ ಕೆಂಪಾಯಿತು. ಒಂದು ಮಾತು ಹೇಳಿದರೆ ಸಾಕಿತ್ತು. ಮಗಳು ಮತ್ತೆ ಅವಳವಳಾಗುತ್ತಿದ್ದಳು, ಮಗು ಮನೆಗೆ ಬರುತ್ತಿತ್ತು. ಆದರೆ ಅಳಿಯ ಆಣೆ ಇಟ್ಟಿದ್ದ, ಮೈದಾನದಲ್ಲಿ ಸಿಟ್ಟಿನ ಭರದಲ್ಲಿ ಅದನ್ನು ಒಮ್ಮೆ ಮುರಿದದ್ದೇ ಸಾಕಾಗಿತ್ತು. ಅವಳು ಬಾಯಿ ತೆರೆಯಲಿಲ್ಲ. ಮೊಳೆಯೊಂದು ನಾಲಿಗೆಗೆ ಚುಚ್ಚಿ ರಕ್ತದಿಂದ ಬಾಯಿ ಉಪ್ಪುಪ್ಪಾಯಿತು.

"ಈಗ ಮಾತ್ರ ಮೌನ!" ಅಂತ ಮಗಳು ಅಳುತ್ತ ಹೊರಡಲು ತಿರುಗಿದಳು.

ಮೆಟ್ಟಿಲ ಮೇಲೆ ಅಳಿಯ ಇದ್ದ. ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಗೋಡೆ ಹಿಡಿದು ಹತ್ತುತ್ತಿದ್ದ. ಬೀಗದಣ್ಣನ ಕೈ ಮೀಸೆಯಿಂದ ಕೆಳಗಿಳಿಯಿತು.

"ಅತ್ತೆ, ಆ ಮೊಳೆ ಉಗೀರಿ" ಅಂದ ಅಳಿಯ. "ನನ್ನ ಆಣೆ ನಾನೇ ವಾಪಸ್ ತಗೊಂಡೆ. ಹೇಳಿಬಿಡಿ. ಆವತ್ತು ನೀವು ಯಾಕೆ ಕೂಗಿದ್ರಿ ಅಂತ ಕುಂಟ್ತಾ ಬರುವಾಗ್ಲೇ ನಂಗೆ ಗೊತ್ತಿತ್ತು."

ಸೋಫಕ್ಕ ಮೊಳೆಗಳನ್ನೆಲ್ಲ ಅಂಗೈಗೆ ಉಗಿದಳು. ಆದರೆ ಮೊದಲು ಮಾತಾಡಲಿಲ್ಲ. ಮಗುಚಿಟ್ಟ ಕುರ್ಚಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಅಧ್ಯಕ್ಷನಿಗೆ ಅಂತ ಹಾಕಿದ್ದ ಹೊಸ ಸ್ಪಂಜಿನ ಮೇಲೆ ಒಮ್ಮೆ ಕೈಯಾಡಿಸಿ, "ಕೂತ್ಕೊಳ್ಳಿ ಅಳಿಯಂದಿರೇ. ಕಾಲು ಚಾಚಿ" ಅಂದಳು. ಅವನು ಎರಡೂ ಕೈಯಿಂದ ಕುರ್ಚಿ ಹಿಡಿದು, ಹಲ್ಲು ಕಚ್ಚಿ, ಮುದುಕನ ಹಾಗೆ ಕೂತ. ಮಗಳು ನೋಡುತ್ತಲೇ ಇದ್ದಳು. ಫೋನ್ ಹಿಡಿದ ಕೈ ಕೆಳಗಿಳಿಯಿತು.

"ಬಿದ್ದ ಉಳುಕು ಅಂದಿದ್ರಲ್ಲ, ಯಾವಾಗಿಂದ ಹೀಗೆ?" ಅಂದಳು.

ಸೋಫಕ್ಕ ಉಸಿರೆಳೆದುಕೊಂಡಳು. ಗ್ಯಾಲರಿಯಲ್ಲಿ ಎದ್ದು ನಿಂತಾಗಿನ ಗಂಟಲೇ ಅದು. ಆದರೆ ಈ ಸಲ ಅವಳ ಜೊತೆಗೆ ಬೇರೆ ಯಾರೂ ಕೂಗುತ್ತಿರಲಿಲ್ಲ, ಒಂದೊಂದು ಮಾತೂ ಬೀದಿಯ ಕೊನೆಯವರೆಗೆ ಕೇಳಿಸಿತು.