ಜರ್ಮನ್ ಸಿಸ್ಟರ್ ಮತ್ತು ಇಪ್ಪತ್ತನಾಲ್ಕು ಗಂಟೆಯ ಕಾರುಗಳು

ಕಳೆದ ತಿಂಗಳು ಸುಳ್ಯದಿಂದ ಪುತ್ತೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಜಾಲ್ಸೂರು ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಮರ ತುಂಬಿದ ಲಾರಿಯೊಂದು ನಮ್ಮ ಮುಂದೆ ತೆವಳುತ್ತಿತ್ತು. ಕಿಟಕಿಯಿಂದ ಕಾದ ಬ್ರೇಕಿನ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಶಾಲಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನೂ ಸ್ವಲ್ಪ ಸರಿಸಿದೆ. ಆ ವಾಸನೆಗೆ ಹೆಸರು ಕೊಟ್ಟವರು ಒಬ್ಬರಿದ್ದರು... ಅವರನ್ನು ಮಣ್ಣು ಮಾಡಿ ಎಷ್ಟೋ ವರ್ಷವಾಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಕಡಬದಲ್ಲಿ ಸರ್ವಿಸ್ ಜೀಪು ಓಡಿಸುತ್ತಿದ್ದೆ. ಪಂಜಕ್ಕೆ ಎರಡು ಟ್ರಿಪ್ಪು, ಆಲಂಕಾರಿಗೆ ಮೂರು. ಮುಂದೆ ನಾಲ್ಕು ಜನ, ಹಿಂದೆ ಹತ್ತು ಜನ, ಮೆಟ್ಟಿಲ ಮೇಲೆ ನೇತಾಡುವವರು ಬೇರೆ. ಒಂದು ದಿನ ಆಲಂಕಾರಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಬಿಳಿ ಸೀರೆಯ ಹೆಂಗಸೊಬ್ಬರು ಕುಳಿತಿದ್ದರು. ವಯಸ್ಸು ಮೂವತ್ತರ ಆಚೀಚೆ. ಇಳಿಜಾರು ಮುಗಿಯುತ್ತಲೇ ಅವರು ನನ್ನ ಕಡೆ ತಿರುಗಿ ಹೇಳಿದರು:

"ಡ್ರೈವರ್ರೇ, ಬ್ರೇಕ್ ಹಿಡಿದುಕೊಂಡುಂಟು. ಹಿಂದಿನ ಎಡದ ಚಕ್ರ."

ಜೀಪಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವರ ಮುಖ ನೋಡಿ ಜೀಪು ನಿಲ್ಲಿಸಿದೆ. ಅವರು ಇಳಿದು ನಾಲ್ಕು ಚಕ್ರಗಳ ಹತ್ತಿರವೂ ಬಗ್ಗಿ, ಮುಟ್ಟದೆ, ಅಂಗೈಯ ಹಿಂಬದಿಯನ್ನು ಮಾತ್ರ ಹತ್ತಿರ ಹಿಡಿದು ನೋಡಿದರು. ರೋಗಿಯ ಹಣೆ ನೋಡುವ ಹಾಗೆ. ಹಿಂದಿನ ಎಡದ ಚಕ್ರದಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ನಾನು ನೀರಿನ ಡಬ್ಬ ಎತ್ತಿಕೊಂಡೆ.

"ನೀರು ಹಾಕ್ಬೇಡಿ, ಡ್ರಮ್ಮು ಒಡೀತದೆ. ಸುಮ್ಮನೆ ತಣಿಯಲಿ."

ಹದಿನಾಲ್ಕು ಜನ ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಂತೆವು. ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಅವರು ಸಲೀಸಾಗಿ ಹೇಳಿದರು, "ನಾನು ಕೆಲಸ ಮಾಡಿದ ಊರಿನಲ್ಲಿ ಗಾಳಿಗೇ ಈ ವಾಸನೆ ಇತ್ತು ಮಾರಾಯ್ರೆ."

ಅವರಿಗೊಂದು ಹೆಸರಿತ್ತು. ಕಡಬದಲ್ಲಿ ಯಾರೂ ಅದನ್ನು ಹೇಳಿ ಕರೆದದ್ದು ನನಗೆ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ಜರ್ಮನ್ ಸಿಸ್ಟರ್. ಕೇರಳದ ಒಂದು ಹಳ್ಳಿಯಿಂದ, ಇಪ್ಪತ್ತು ತುಂಬುವ ಮೊದಲೇ, ಇನ್ನೂ ಕೆಲವು ಹುಡುಗಿಯರ ಜೊತೆ ನರ್ಸಿಂಗ್ ಕಲಿಯಲು ಜರ್ಮನಿಗೆ ಹೋಗಿ ಅಲ್ಲೇ ಹತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರು. ಮದುವೆಯಾಗಿ ಬಂದದ್ದು ನಮ್ಮ ಕಡೆಗೆ ವಲಸೆ ಬಂದಿದ್ದವರ ಒಂದು ರಬ್ಬರ್ ತೋಟದ ಮನೆಗೆ. ರಸ್ತೆ ಬದಿಯ ಆ ಮನೆಯ ಜಗಲಿಯಲ್ಲಿ ಒಂದು ಬೆಂಚು, ಒಂದು ಕಪಾಟು ಇಟ್ಟುಕೊಂಡು ಗಾಯಕ್ಕೆ ಮದ್ದು, ಜ್ವರಕ್ಕೆ ಮಾತ್ರೆ ಕೊಡುತ್ತಿದ್ದರು.

ಅವರು ಕೆಲಸ ಮಾಡಿದ್ದ ಆಸ್ಪತ್ರೆ ಗುಡ್ಡಗಾಡಿನ ಒಂದು ಸಣ್ಣ ಪಟ್ಟಣದಲ್ಲಿತ್ತು. ಹತ್ತಿರದ ಕಾಡಿನೊಳಗೆ ಸುತ್ತಿ ಸುತ್ತಿ ಹೋಗುವ ಕಾರ್ ರೇಸಿನ ರಸ್ತೆ. ರೇಸಿನ ದಿನ ಆಸ್ಪತ್ರೆಯ ನರ್ಸುಗಳನ್ನು ರಸ್ತೆ ಬದಿಯ ಪ್ರಥಮ ಚಿಕಿತ್ಸೆಯ ಡೇರೆಗೆ ಹಾಕುತ್ತಿದ್ದರಂತೆ. ಹಾಗೆ ಹೋಗಿ ಹೋಗಿ ಅವರಿಗೆ ಕಾರುಗಳ ಹುಚ್ಚು ಹಿಡಿಯಿತು. ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಒಬ್ಬ ಮುದುಕ ಅವರಿಗೆ ಒಂದೊಂದೇ ಕಾರನ್ನು ಪರಿಚಯಿಸಿ ಕೊಟ್ಟನಂತೆ. ಊರಿಗೆ ಬಂದ ಮೇಲೂ ಆ ಮುದುಕ ವರ್ಷಕ್ಕೆರಡು ಸಲ ರೇಸಿನ ಪತ್ರಿಕೆಗಳನ್ನು ಕಟ್ಟಿ ಹಡಗಿನ ಅಂಚೆಯಲ್ಲಿ ಕಳಿಸುತ್ತಿದ್ದ. ಜೂನ್ ತಿಂಗಳ ರೇಸಿನ ಸುದ್ದಿ ನಮಗೆ ಸಿಗುವಾಗ ದೀಪಾವಳಿ ಹತ್ತಿರ ಬಂದಿರುತ್ತಿತ್ತು.

ಆ ಪತ್ರಿಕೆ ಬಂದ ದಿನ ಜೀಪ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಡ್ರೈವರುಗಳೆಲ್ಲ ಸೇರುತ್ತಿದ್ದೆವು. ಸಿಸ್ಟರ್ ಚಿತ್ರ ತೋರಿಸಿ, ಜರ್ಮನ್ ಓದಿ, ಕನ್ನಡದಲ್ಲಿ ಹೇಳುತ್ತಿದ್ದರು. ಇವು ಅಂಗಡಿಯಲ್ಲಿ ಸಿಗುವ ಕಾರುಗಳಲ್ಲ. ಪ್ರೊಟೊಟೈಪ್ ಎನ್ನುತ್ತಾರೆ, ದೂರದ ರೇಸಿಗೆಂದೇ ಒಂದೊಂದಾಗಿ ಕಟ್ಟುವುದು. ಎತ್ತರ ನಮ್ಮ ಸೊಂಟದವರೆಗೆ. ಡ್ರೈವರ್ ಕುಳಿತುಕೊಳ್ಳುವುದಿಲ್ಲ, ಹೆಚ್ಚುಕಡಿಮೆ ಮಲಗುತ್ತಾನೆ. ಒಂದು ಕಾರಿನ ತೂಕ ಇಳಿಸಲು ಗೇರಿನ ಗುಂಡಿಯನ್ನು ಕೂಡ ಹಗುರ ಮರದಿಂದ ಮಾಡಿದ್ದರಂತೆ. ಅದೇ ಕಾರಿನ ಮೈ ಅಲ್ಯೂಮಿನಿಯಂ ಕೊಳವೆಗಳ ಹಂದರ. ಕೊಳವೆಯೊಳಗೆ ಗಾಳಿ ತುಂಬಿ ಒಂದು ಮೀಟರು ಇಟ್ಟಿದ್ದರು. ಮುಳ್ಳು ಕೆಳಗಿಳಿದರೆ ಎಲ್ಲೋ ಸೀಳು ಬಿಟ್ಟಿದೆ ಎಂದು ಲೆಕ್ಕ.

ಆ ಕಾರು ಮೊದಲ ವರ್ಷ ಯಾರ ಕೈಗೂ ನಿಲ್ಲುತ್ತಿರಲಿಲ್ಲ. ವೇಗ ಹೆಚ್ಚಾದ ಹಾಗೆ ಹಿಂಬದಿ ತೇಲುತ್ತಿತ್ತು. ಕೊನೆಗೆ ಒಬ್ಬ ಎಂಜಿನಿಯರ್ ಓಡಿ ಬಂದು ನಿಂತ ಕಾರಿನ ಮೈ ನೋಡಿದ. ಮುಂದೆಲ್ಲ ಸತ್ತ ಸೊಳ್ಳೆಗಳು ಅಂಟಿದ್ದವು, ಹಿಂದಿನ ತುದಿಯ ರೆಕ್ಕೆಯಲ್ಲಿ ಒಂದೂ ಇರಲಿಲ್ಲ. ಅಂದರೆ ಅಲ್ಲಿಗೆ ಗಾಳಿಯೇ ತಾಗುತ್ತಿಲ್ಲ! ಅಲ್ಲೇ ತಗಡು ಕತ್ತರಿಸಿ, ಟೇಪು ಸುತ್ತಿ, ಹಿಂಬದಿಯನ್ನು ಎತ್ತರ ಮಾಡಿದರು. ಕಾರು ನೆಲ ಹಿಡಿಯಿತು. ಮರುವರ್ಷ ಫ್ರಾನ್ಸಿನ ಲೆ ಮಾನ್ ಎಂಬ ಊರಿನ ಇಪ್ಪತ್ತನಾಲ್ಕು ಗಂಟೆಯ ರೇಸನ್ನು ಮಳೆಯಲ್ಲೇ ಗೆದ್ದಿತು. ಈ ಕಥೆ ಕೇಳಿದ ಮೇಲೆ ತಿಂಗಳುಗಟ್ಟಲೆ ನಾವು ಸ್ಟ್ಯಾಂಡಿನಲ್ಲಿ ಒಬ್ಬರ ಜೀಪಿನ ಸೊಳ್ಳೆ ಇನ್ನೊಬ್ಬರು ಎಣಿಸಿದ್ದೇ ಎಣಿಸಿದ್ದು.

ನನಗೂ ಆಲಂಕಾರಿನ ಒಬ್ಬ ಡ್ರೈವರಿಗೂ ಆಗ ಪೈಪೋಟಿ. ಬಸ್ಸು ಬಂದು ನಿಂತರೆ ಇಳಿದವರನ್ನು ಯಾರು ಮೊದಲು ತುಂಬಿಸಿಕೊಳ್ಳುವುದು ಎಂದು ಇಬ್ಬರೂ ನುಗ್ಗುತ್ತಿದ್ದೆವು. ಒಂದು ಬೆಳಿಗ್ಗೆ ನನ್ನ ಮಡ್‌ಗಾರ್ಡಿಗೆ ಅವನ ಜೀಪು ಉಜ್ಜಿತು. ಗಾಬರಿಯಲ್ಲಿ ಹಿಂದೆ ಸರಿದ ಒಬ್ಬ ಅಜ್ಜಿ ಬಿದ್ದು ಮೊಣಕಾಲು ತರಚಿಕೊಂಡರು. ಇಬ್ಬರೂ ಸೇರಿ ಅಜ್ಜಿಯನ್ನು ಸಿಸ್ಟರ್ ಅವರ ಜಗಲಿಗೆ ಕರೆದುಕೊಂಡು ಹೋದೆವು. ಅವರು ನಮಗೆ ಬೈಯಲಿಲ್ಲ. ಗಾಯ ತೊಳೆಯುತ್ತಾ, ಅಜ್ಜಿಗೆ ಕಥೆ ಹೇಳುವವರ ಹಾಗೆ, ಹೇಳಿದರು.

"ಫ್ರಾನ್ಸಿನಲ್ಲಿ ನಾನು ಆ ರೇಸ್ ಕಣ್ಣಾರೆ ನೋಡಿದ್ದೇನೆ ಅಜ್ಜಿ. ಇವತ್ತು ಶುರುವಾದರೆ ನಾಳೆ ಅದೇ ಹೊತ್ತಿಗೆ ಮುಗಿಯುದು. ರಸ್ತೆಯ ಈ ಬದಿ ಡ್ರೈವರುಗಳು, ಆ ಬದಿ ಕಾರುಗಳು. ಬಾವುಟ ಬೀಸಿದ ಕೂಡಲೇ ಎಲ್ಲ ಓಡಿ ಹೋಗಿ ಕಾರು ಹತ್ತಬೇಕು. ಎಲ್ಲ ಓಡಿದರು. ಒಬ್ಬ ಮಾತ್ರ ನಡೆದುಕೊಂಡು ಹೋದ."

"ಎಂತಕ್ಕೆ? ಕಾಲು ನೋವಾ?" ಅಜ್ಜಿ ಕೇಳಿದರು.

"ಇಲ್ಲ. ಹೀಗೆ ಓಡಿ ಹತ್ತಿದರೆ ಬೆಲ್ಟ್ ಸರಿಯಾಗಿ ಕಟ್ಟಿಕೊಳ್ಳಲಿಕ್ಕೆ ಆಗುದಿಲ್ಲ, ಇದು ಸರಿಯಲ್ಲ ಅಂತ ತೋರಿಸಲಿಕ್ಕೆ. ನಡೆದು ಹೋದ, ಬೆಲ್ಟ್ ಕಟ್ಟಿಕೊಂಡ, ಎಲ್ಲರಿಗಿಂತ ಕೊನೆಗೆ ಹೊರಟ. ಅವನ ಕಾರೂ ಹಳತು. ಹಿಂದಿನ ವರ್ಷ ಗೆದ್ದ ಅದೇ ಕಾರು, ಈ ಸಲ ಅದರ ಕಾಲ ಮುಗಿಯಿತು ಅಂತ ಎಲ್ಲರೂ ಹೇಳ್ತಿದ್ದರು. ಮಾರನೇ ದಿನ ಕೊನೆಯ ಗಂಟೆಯಲ್ಲಿ ಎರಡೇ ಕಾರು, ಒಮ್ಮೆ ಇದು ಮುಂದೆ, ಒಮ್ಮೆ ಅದು ಮುಂದೆ. ಮುಗಿಯುವಾಗ ಅವನು ಮುಂದೆ ಇದ್ದ. ಎಷ್ಟು? ಇಲ್ಲಿಂದ ಆ ಅಂಚೆಪೆಟ್ಟಿಗೆಗೆ ಎಷ್ಟು ದೂರ ಉಂಟೋ ಅಷ್ಟು."

ನಾವಿಬ್ಬರೂ ತಿರುಗಿ ಅಂಚೆಪೆಟ್ಟಿಗೆ ನೋಡಿದೆವು. ಆ ದಿನ ಓಡಿದವರಲ್ಲಿ ಒಬ್ಬರು ಮೊದಲ ಸುತ್ತಿನಲ್ಲೇ ತೀರಿಹೋದರು ಎಂದು ಸಿಸ್ಟರ್ ತಗ್ಗಿದ ದನಿಯಲ್ಲಿ ಸೇರಿಸಿದರು... ಕಥೆ ಕೇಳಿ ನಾಚಿಕೆಯಾಯಿತು ನಿಜ. ಆದರೆ ನಾವಿಬ್ಬರೂ ಮಾತು ಬಿಟ್ಟೆವು. ತಪ್ಪು ಅವನದು ಎಂದು ನಾನು, ನನ್ನದು ಎಂದು ಅವನು.

ಮುಂದಿನ ಮಳೆಗಾಲಕ್ಕೆ ಮೊದಲು ಸಿಸ್ಟರ್ ಡ್ರೈವರುಗಳನ್ನೆಲ್ಲ ಕರೆಸಿದರು. ಕಡಬದಿಂದ ಆಲಂಕಾರಿಗೆ ಹೋಗುವ ದಾರಿಯಲ್ಲಿ ಆಗ ಮುಳುಗು ಸೇತುವೆ. ನೆರೆ ಬಂದರೆ ನೀರು ಸೇತುವೆಯ ಮೇಲೆಯೇ ಹರಿಯುತ್ತಿತ್ತು, ಪುತ್ತೂರಿನ ಸಂಪರ್ಕ ಕಡಿದ ಹಾಗೆಯೇ. ಅವರದು ಒಂದೇ ಬೇಡಿಕೆ. ನೆರೆಯ ದಿನಗಳಲ್ಲಿ ಸರದಿಯ ಮೇಲೆ ಒಂದು ಜೀಪು ಹೊಳೆಯ ಆಚೆ ನಿಲ್ಲಬೇಕು. ಟ್ಯಾಂಕು ತುಂಬಿರಬೇಕು, ಸ್ಟೆಪ್ನಿ ಸರಿಯಿರಬೇಕು, ಈಚೆಯಿಂದ ಮೂರು ಉದ್ದ ಹಾರ್ನ್ ಕೇಳಿದರೆ ದೋಣಿಯಲ್ಲಿ ಹೊಳೆ ದಾಟಿಸುವ ಕಡವಿಗೆ ಬರಬೇಕು. "ಆ ರೇಸಿನಲ್ಲಿ ಪೆಟ್ರೋಲ್ ಹಾಕಲಿಕ್ಕೆ, ಚಕ್ರ ಬದಲಿಸಲಿಕ್ಕೆ ಕಾರು ನಿಲ್ಲಿಸುವ ಜಾಗ ಉಂಟಲ್ಲ, ಅಲ್ಲಿ ತಯಾರಿ ಇಲ್ಲದವರು ಎಷ್ಟು ಜೋರು ಓಡಿಸಿದರೂ ಗೆಲ್ಲುದಿಲ್ಲ," ಎಂದರು. ಗೋಣಿ ಮತ್ತು ಬಿದಿರಿನಿಂದ ಒಂದು ಸ್ಟ್ರೆಚರ್ ಕೂಡ ಹೊಲಿಸಿಟ್ಟರು. ನಾವು ಹಿಂದಿನಿಂದ ತಮಾಷೆ ಮಾಡಿದರೂ ಒಪ್ಪಿಕೊಂಡೆವು.

ಆಟಿ ತಿಂಗಳ ಜಡಿಮಳೆಯ ಒಂದು ಬೆಳಿಗ್ಗೆ ನನ್ನ ಅಕ್ಕನಿಗೆ ಹಾವು ಕಚ್ಚಿತು. ಪಂಜದ ಹತ್ತಿರ ಅವಳ ಗಂಡನ ಮನೆ. ದನಕ್ಕೆ ಹುಲ್ಲು ಕೊಯ್ಯುತ್ತಿದ್ದಾಗ ಪಾದದ ಮೇಲೆ ಕೊಳಕುಮಂಡಲ. ಭಾವ ಕಾಲಿಗೆ ಹಗ್ಗ ಬಿಗಿದು ರಸ್ತೆಗೆ ಹೊತ್ತು ತಂದಿದ್ದರು. ನನ್ನ ಜೀಪು ಸಿಕ್ಕಿದ್ದು ಅವಳ ಅದೃಷ್ಟ ಎಂದುಕೊಂಡೆ. ಕಡಬದವರೆಗೆ ನಾನು ಹೇಗೆ ಬಂದೆನೋ ಗೊತ್ತಿಲ್ಲ. ಜಗಲಿಯ ಮುಂದೆ ನಿಲ್ಲಿಸಿದ್ದೇ ಸಿಸ್ಟರ್ ಚೀಲವನ್ನೂ ಗೋಣಿಯ ಸ್ಟ್ರೆಚರನ್ನೂ ಹಿಡಿದು ಹತ್ತಿದರು. ಬಿಗಿದ ಹಗ್ಗ ಸಡಿಲಿಸಿ, ಅಡಿಕೆ ಹಾಳೆಯೆರಡನ್ನು ಕಾಲಿನ ಇಕ್ಕೆಲಕ್ಕೆ ಇಟ್ಟು ಅಲುಗದ ಹಾಗೆ ಬಟ್ಟೆ ಸುತ್ತಿದರು.

ಸೇತುವೆಯ ಹತ್ತಿರ ಬಂದಾಗ ಅದರ ಮೇಲೆ ನೀರು ಹರಿಯುತ್ತಿತ್ತು. ಕೈಪಿಡಿಯಿಲ್ಲದ ಸೇತುವೆ, ಅಂಚಿಗೆ ಮೊಳದುದ್ದದ ಕಲ್ಲುಗಳು ಮಾತ್ರ. ಕಲ್ಲಿನ ತಲೆ ಕಂಡರೆ ದಾಟಬಹುದು ಎಂಬುದು ನಮ್ಮ ಅಂದಾಜು. ಎರಡು ಮೂರು ತಲೆ ಕಾಣುತ್ತಿದ್ದವು. ನಾನು ಮೊದಲ ಗೇರು ಹಾಕಿದೆ.

"ಇಂಜಿನ್ ಬಂದ್ ಮಾಡಿ," ಎಂದರು ಸಿಸ್ಟರ್.

"ದಾಟ್ತದೆ ಸಿಸ್ಟರ್. ನಾನು ಮೊದಲೂ ದಾಟಿದ್ದೇನೆ."

"ಬಂದ್ ಮಾಡಿ."

"ನನ್ನ ಅಕ್ಕ ಅದು!"

"ಗೊತ್ತುಂಟು. ಅದಕ್ಕೇ ಹೇಳುದು."

ಅವರು ಕೈಚಾಚಿ ಕೀ ತಿರುಗಿಸಿ ತೆಗೆದೇಬಿಟ್ಟರು. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು... ಇವತ್ತಿಗೂ ಅದನ್ನು ನೆನೆದರೆ ತಲೆ ತಗ್ಗಿಸುತ್ತೇನೆ. ಅವರೇ ಹಾರ್ನ್ ಒತ್ತಿದರು, ಮೂರು ಸಲ, ಉದ್ದಕ್ಕೆ. ತುಸು ಮೇಲೆ ಹೊಳೆ ಅಗಲವಾಗಿ ನಿಧಾನಕ್ಕೆ ಹರಿಯುವಲ್ಲಿ ದೋಣಿ ಕಡವು. ಭಾವನೂ ನಾನೂ ಅಕ್ಕನನ್ನು ಸ್ಟ್ರೆಚರಿನಲ್ಲಿ ಮಲಗಿಸಿ ದೋಣಿಗೆ ಇಳಿಸಿದೆವು. ನಡು ನೀರಿನಲ್ಲಿದ್ದಾಗ ಬೇರುಸಮೇತ ಒಂದು ಮರ ತೇಲಿ ಬಂದು, ಕೆಳಗಡೆ ಸೇತುವೆಗೆ ಬಡಿದು, ಒಮ್ಮೆ ಹೊರಳಿ, ಅದರ ಮೇಲಿಂದಲೇ ದಾಟಿ ಹೋಯಿತು.

ಆಚೆ ದಡದಲ್ಲಿ ಜೀಪು ಹಿಂಬದಿ ತಿರುಗಿಸಿ, ಇಂಜಿನ್ ಚಾಲೂ ಇಟ್ಟು ನಿಂತವನು ಆಲಂಕಾರಿನ ಡ್ರೈವರ್. ಆ ವಾರ ಅವನ ಸರದಿ. ನನ್ನ ಮುಖ ನೋಡಲಿಲ್ಲ. "ಹೆದರ್ಬೇಡಿ ಅಕ್ಕ," ಎಂದಷ್ಟೇ ಹೇಳಿ ಸ್ಟ್ರೆಚರಿನ ಒಂದು ತುದಿ ಹಿಡಿದ. ಹತ್ತಿಸಿಯಾದ ಮೇಲೆ ನಾನು, "ಸ್ಟೇರಿಂಗ್ ಕೊಡು, ನಾನು ಬಿಡ್ತೇನೆ" ಎಂದೆ. ಆರು ತಿಂಗಳಲ್ಲಿ ಅವನಿಗೆ ನಾನು ಆಡಿದ ಮೊದಲ ಮಾತು.

"ನಿಮ್ಮ ಕೈ ನೋಡಿಕೊಳ್ಳಿ," ಎಂದರು ಸಿಸ್ಟರ್. ನೋಡಿದೆ. ಎರಡೂ ಕೈ ನಡುಗುತ್ತಿದ್ದವು. "ಆ ರೇಸಿನಲ್ಲಿ ಎಂಥ ಡ್ರೈವರಾದರೂ ಇನ್ನೊಬ್ಬನಿಗೆ ಕಾರು ಬಿಟ್ಟುಕೊಡ್ಲೇಬೇಕು. ನೀವು ಹಿಂದೆ ಕೂತು ಅಕ್ಕನ ತಲೆ ಹಿಡೀರಿ."

ಹಿಂದೆ ಕುಳಿತೆ. ಅವನು ಓಡಿಸಿದ. ಗುಂಡಿ ಬಂದಲ್ಲೆಲ್ಲ ಹಾಲಿನ ಪಾತ್ರೆ ಇಟ್ಟುಕೊಂಡವನಂತೆ ಇಳಿಸಿ ಹತ್ತಿಸಿದ, ನೇರ ರಸ್ತೆ ಸಿಕ್ಕಲ್ಲಿ ಬಿಟ್ಟ. ನಾನು ಅವನನ್ನು ಒರಟ ಎಂದೇ ತಿಳಿದಿದ್ದೆ. ಅಷ್ಟು ಚೆನ್ನಾಗಿ ಜೀಪು ಓಡಿಸುವವರನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಸಿಸ್ಟರ್ ದಾರಿಯುದ್ದಕ್ಕೂ ಅಕ್ಕನ ನಾಡಿ ಹಿಡಿದು, ನಿದ್ದೆ ಹೋಗದ ಹಾಗೆ ಮಾತಾಡಿಸುತ್ತಿದ್ದರು. ಉಪ್ಪಿನಂಗಡಿ ದಾಟುವಾಗ ಅಕ್ಕನ ಒಸಡಿನಲ್ಲಿ ರಕ್ತ ಕಂಡಿತು. ಸಿಸ್ಟರ್ ಅದನ್ನು ಸೆರಗಿನಿಂದ ಒರೆಸಿ, ನನಗೆ ಕಾಣದ ಹಾಗೆ ಸೆರಗು ಮಡಚಿಕೊಂಡರು. ನಾನು ನೋಡಿಯಾಗಿತ್ತು.

ಪುತ್ತೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇತ್ತು. ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ನಾಲ್ಕನೇ ದಿನ ಅಕ್ಕ ಗಂಜಿ ಕೇಳಿದಳು. ಆ ಮೂರು ದಿನವೂ ಆಲಂಕಾರಿನವನು ಆಸ್ಪತ್ರೆಯ ಅಂಗಳ ಬಿಟ್ಟು ಹೋಗಲಿಲ್ಲ. ಗಂಜಿಯ ಸುದ್ದಿ ಹೇಳಿದಾಗ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಇನ್ನು ನಿನ್ನ ಮಡ್‌ಗಾರ್ಡ್ ಸರಿ ಮಾಡಿಸು ಮಾರಾಯ, ನೋಡ್ಲಿಕ್ಕೆ ಆಗುದಿಲ್ಲ" ಎಂದ.

ಅಕ್ಕ ಪೂರ್ತಿ ಗುಣವಾಗಿ, ದೀಪಾವಳಿಯ ಹೊತ್ತಿಗೆ ಸಿಸ್ಟರಿಗೆ ಕೃತಜ್ಞತೆ ಹೇಳಲು ನಾವಿಬ್ಬರೂ ಹೋದಾಗ ಅವರು ಆ ಮಾತನ್ನು ಮುಂದುವರಿಸಲು ಬಿಡಲಿಲ್ಲ. ಪತ್ರಿಕೆ ಬಂದಿದೆ ಎಂದರು. ಲೆ ಮಾನಿನಲ್ಲಿ ಆ ಸಲ ಒಂದು ಕಾರು ಕೆಟ್ಟು ನಿಂತು ನಲವತ್ತೆರಡನೇ ಸ್ಥಾನಕ್ಕೆ ಬಿದ್ದು, ಅಲ್ಲಿಂದ ಒಂದೊಂದೇ ಕಾರು ದಾಟಿ ಮೊದಲನೆಯದಾಗಿ, ಕೊನೆಯ ಗಂಟೆಯಲ್ಲಿ ಆರು ಸಿಲಿಂಡರಿನಲ್ಲಿ ಒಂದು ಸತ್ತು, ಉಳಿದ ಐದರಲ್ಲೇ ಕುಂಟುತ್ತಾ ಗೆದ್ದಿತ್ತು. ಅದನ್ನು ಮೇಲೆತ್ತಿದವನು ಅವತ್ತು ನಡೆದು ಹೋಗಿದ್ದ ಅದೇ ಡ್ರೈವರ್! ಓದುತ್ತಾ ಅವರ ಕಣ್ಣು ತುಂಬಿಕೊಂಡಿತು. ಹಾವು ಕಚ್ಚಿದ ದಿನ ಒಂದು ಹನಿ ಹಾಕದವರು ಆರನೇ ಸಿಲಿಂಡರಿಗಾಗಿ ಅತ್ತರು.

ಇಷ್ಟೆಲ್ಲ ತಿಳಿದವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಯಾರೂ ಕಲಿಸಿರಲಿಲ್ಲವಂತೆ. ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ ಶಾಲೆಯ ಮೈದಾನದಲ್ಲಿ ನಾನೂ ಆಲಂಕಾರಿನವನೂ ಅವರ ಕೈಗೆ ಜೀಪು ಕೊಟ್ಟೆವು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೈದಾನಕ್ಕೆ ಹನ್ನೆರಡು ಸುತ್ತು ಹೊಡೆದರು, ಎರಡನೇ ಗೇರಿನಲ್ಲೇ. ಇಳಿದು ಬಂದು, ಬೆವರು ಒರೆಸಿಕೊಂಡು, "ಸಾಕು" ಎಂದರು. ಅವರ ಮುಖದಲ್ಲಿದ್ದ ನಗು...

ಎಂಬತ್ತರ ದಶಕದ ಮಧ್ಯದಲ್ಲಿ ಗಂಡನಿಗೆ ಕಾಯಿಲೆಯಾಗಿ, ತೋಟ ಮಾರಿ, ಕೇರಳಕ್ಕೆ ಮರಳಿದರು. ಎರಡು ಕಾಗದ ಬಂದವು. ನಾನು ಒಂದಕ್ಕೆ ಉತ್ತರ ಬರೆದೆ. ಇನ್ನೊಂದಕ್ಕೆ ನಾಳೆ ಬರೆಯೋಣ ಎಂದು ಇಟ್ಟೆ. ಅವರು ತೀರಿಕೊಂಡ ಸುದ್ದಿ ಅವರ ಸಂಬಂಧಿಕರೊಬ್ಬರ ಬಾಯಿಂದ ಒಂದು ವರ್ಷ ತಡವಾಗಿ ತಿಳಿಯಿತು.

ಹೋದ ವರ್ಷ ಅಕ್ಕ ಹೋದಳು. ಎಂಬತ್ತು ದಾಟಿತ್ತು. ಮಧ್ಯಾಹ್ನ ಉಂಡು ಒರಗಿದವಳು ಏಳಲಿಲ್ಲ. ಮೂರು ಮಕ್ಕಳು, ಮೊಮ್ಮಕ್ಕಳು, ಮರಿಮಗು ಒಂದು. ಇವರಲ್ಲಿ ಕಿರಿಯ ಮಗಳು ಆ ಬೆಳಗಿನ ನಂತರ ಹುಟ್ಟಿದವಳು. ಅವಳ ಉತ್ತರಕ್ರಿಯೆಯ, ಬೊಜ್ಜದ, ದಿನ ಊಟ ಮುಗಿದ ಮೇಲೆ ನಾನೂ ಆಲಂಕಾರಿನವನೂ ಅಂಗಳದ ಕುರ್ಚಿಯಲ್ಲಿ ಕುಳಿತಿದ್ದೆವು. ಅವನಿಗೆ ಈಗ ಕಿವಿ ಮಂದ, ನನಗೆ ಮಂಡಿ ನೋವು. ತುಂಬ ಹೊತ್ತು ಮಕ್ಕಳು ಎಲೆ ತೆಗೆಯುವುದನ್ನು ನೋಡುತ್ತಿದ್ದವನು ಒಮ್ಮೆಲೇ ಹೇಳಿದ:

"ಸಿಸ್ಟರಿಗೆ ಒಂದು ಕಾಗದ ಹಾಕ್ಬೇಕಲ್ಲ ಮಾರಾಯ. ಅಕ್ಕ ಇಷ್ಟು ವರ್ಷ ಬದುಕಿದ್ರು ಅಂತ."

ಹೌದು ಎಂದೆ. ಎಂದ ಮೇಲೆ ಇಬ್ಬರಿಗೂ ನೆನಪಾಯಿತು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ನಾನು ಅವನಿಗೆ ನೀರು ತರುವ ನೆಪದಲ್ಲಿ ಒಳಗೆ ಹೋದೆ.