ಹೊತ್ತು ಮುಳುಗುವುದರೊಳಗೆ ಮುಗಿಯುವ ಕೋರ್ಸು

ನರ್ಸಿಂಗ್ ಅಸಿಸ್ಟೆಂಟ್ ಆಗಬೇಕು ಅಂತ ನಾನು ಮನೆಯಲ್ಲಿ ಹೇಳಿದ್ದು ಒಂದೇ ಸಲ. ಆಮೇಲೆ ಮಾತಾಡಲು ನನಗೆ ಪಾಳಿಯೇ ಬರಲಿಲ್ಲ.

ಕಾಕಾ ರಾಯಬಾಗದ ಕೋರ್ಸೇ ಆಗಲಿ ಅಂತ ಹಟ ಹಿಡಿದ. ಅಲ್ಲಿ ಅವನ ಬೀಗರ ಮನೆಯಿದೆ, ಅಷ್ಟೇ ಕಾರಣ. ಅವ್ವ ಚಿಕ್ಕೋಡಿಯದೇ ಆಗಬೇಕು ಅಂದಳು. ಅಲ್ಲಿ ಮಧ್ಯಾಹ್ನಕ್ಕೆ ಪಾಠ ಮುಗಿಯುತ್ತದೆ, ಹೊತ್ತು ಮುಳುಗುವುದರೊಳಗೆ ನಮ್ಮೂರು ಕಬ್ಬೂರಿಗೆ ಬಂದು ಉಣ್ಣಬಹುದು. ನಮ್ಮದು ಜೈನರ ಮನೆ, ಕತ್ತಲಾದ ಮೇಲೆ ತುತ್ತು ಬಾಯಿಗೆ ಹೋಗುವುದಿಲ್ಲ. ಅದು ನನಗೂ ಗೊತ್ತು. ಆದರೆ ರೋಗಿಯ ಮೈ ಒರೆಸುವ ವಿದ್ಯೆಯನ್ನು ನಮ್ಮ ಊಟದ ಹೊತ್ತು ನೋಡಿ ಆರಿಸಬೇಕೇ?

ಅವ್ವನ ಸಮಾಧಾನಕ್ಕೆ ಚಿಕ್ಕೋಡಿಗೆ ಹೋದೆವು. ಕಲಿಯಲು ರೋಗಿಯ ಬದಲು ಮಂಚದ ಮೇಲೆ ಒಂದು ಪ್ಲಾಸ್ಟಿಕ್ ಗೊಂಬೆ ಮಲಗಿತ್ತು.

"ನಿಜವಾದ ಪೇಶಂಟ್ ಯಾವಾಗ ನೋಡ್ತೀವ್ರಿ ಸರ್?" ಅಂತ ಅಲ್ಲಿನ ಮಾಸ್ತರರನ್ನು ಕೇಳಿದೆ.

"ಮೊದಲ ಅಡ್ಮಿಶನ್ ಮಾಡ್ರಿ, ಮುಂದ ನೋಡೂಣು."

ತಿರುತಿರುಗಿ ಕೇಳಿದರೂ ಅದೇ ಉತ್ತರ. ಅವ್ವನಿಗೆ ಮಾತ್ರ ಗೊಂಬೆ ಬಹಳ ಹಿಡಿಸಿತು. "ಎಷ್ಟ ಸ್ವಚ್ಛ ಐತಿ ನೋಡು," ಅಂದಳು. ನಾನು ಹಣೆ ಬಡಿದುಕೊಂಡೆ.

ಆಮೇಲೆ ನಿಪ್ಪಾಣಿಯದನ್ನೂ ನೋಡಿ ಬಂದೆ. ಆ ಕೋರ್ಸಿನಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಸಂಜೆವರೆಗೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ. ಅಲ್ಲಿನ ಸಿಸ್ಟರ್ ಮೊದಲು ನನ್ನ ಉಗುರು ನೋಡಿ, "ಕತ್ತರಿಸ್ಕೊಂಡು ಬಾ," ಅಂದರು. ಕಲಿತರೆ ಇಲ್ಲೇ ಅನ್ನಿಸಿತು. ಆದರೆ ಮನೆ ಮುಟ್ಟುವಷ್ಟರಲ್ಲಿ ಕತ್ತಲು.

"ಅಲ್ಲೇನ ಉಪಾಸ ಸಾಯ್ತಿ?" ಅಂತ ಅವ್ವ ಶುರು ಮಾಡಿದಳು. ಅಪ್ಪ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ: "ನೋಡೂಣಂತ." ನನಗೆ ಸಾಕುಸಾಕಾಯಿತು. ಆ ಗೊಂಬೆಗೇ ಸೀರೆ ಉಡಿಸಿ ಬಸ್ ಹತ್ತಿಸಿ ಕಳಿಸಿ, ನಾನು ಮನೆಯಲ್ಲೇ ಇರುತ್ತೇನೆ ಅಂದುಬಿಟ್ಟೆ.

ಆಗ ಆಯಿ ಬಾಯಿ ಬಿಟ್ಟಳು. ಆಯಿ ಅಂದರೆ ಅಪ್ಪನ ತಾಯಿ, ಮನೆಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ನಾನು ಹೆದರಿದ್ದೇ ಅವಳಿಗೆ. ಹೋದ ವರ್ಷ ಸೊಂಟ ಮುರಿದುಕೊಂಡು ಅವಳು ಆಸ್ಪತ್ರೆಯಲ್ಲಿದ್ದಳು.

"ರಾತ್ರಿ ನನ್ನ ಹಾಸಿಗಿ ಬದಲ ಮಾಡ್ತಿದ್ಲಲ್ಲಾ, ಆ ಹುಡುಗಿಗೆ ಉಂಡ್ಯೇನವ್ವಾ ಅಂತ ನಾ ಒಂದಿನಾನೂ ಕೇಳಲಿಲ್ಲ," ಅಂದಳು. ಆಮೇಲೆ ಅವ್ವನ ಕಡೆ ತಿರುಗಿ, "ಇಕಿಗೆ ಡಬ್ಬಿ ಕಟ್ಟು. ಹೊತ್ತಿದ್ದಾಗ ಅಲ್ಲೇ ಉಣ್ಣಲಿ. ಆಗಲಿಲ್ಲಂದ್ರ ಉಪಾಸ ಇರ್ಲಿ. ಉಪಾಸ ನಮಗೇನ ಹೊಸಾದ?"

ಅವ್ವ ಸಿಟ್ಟಿನಲ್ಲೇ ರೊಟ್ಟಿ ಕಟ್ಟಿಕೊಟ್ಟಳು.

ನಿಪ್ಪಾಣಿಯ ವಾರ್ಡಿನಲ್ಲಿ ಮೊದಲ ದಿನ ಸಂಜೆ ಡಬ್ಬಿ ತೆಗೆಯುವಷ್ಟರಲ್ಲಿ ಸಿಸ್ಟರ್ ಕರೆದರು. ಕೆಲಸ ಮುಗಿಸಿ ಕೈ ತೊಳೆದಾಗ ಕಿಟಕಿಯ ಆಚೆ ಹೊತ್ತು ಮುಳುಗಿತ್ತು. ತುಂಬಿದ ಡಬ್ಬಿ, ಖಾಲಿ ಹೊಟ್ಟೆ ಹೊತ್ತು, ಎಲ್ಲರ ಮೇಲೂ ಉರಿಯುತ್ತಾ ಮನೆಗೆ ಬಂದೆ.

ಆಯಿ ಪಡಸಾಲೆಯಲ್ಲಿ ಎಚ್ಚರವಿದ್ದಳು. "ಉಂಡ್ಯಾ?"

"ಇಲ್ಲ. ಒಬ್ಬ ಮುದುಕಿ ಹಾಸಿಗಿ ಒದ್ದಿ ಮಾಡ್ಕೊಂಡಿದ್ಲು."

"ಆಕಿ ಕೇಳಿದ್ಲೇನು, ಉಂಡ್ಯೇನಂತ?"

"ಆಕಿ ಯಾಕ ಕೇಳ್ತಾಳ? ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ಲು."

ಆಯಿ ತನ್ನ ಸೊಂಟ ಸವರಿಕೊಂಡಳು.

"ನಾಚಿಕಿ ಆಗಿರತೈತಿ, ತಂಗಿ," ಅಂದಳು.